ಅತ್ತಿಗೆ, ಹೊಸ ಫ್ರಿಜ್ ಬೇಡ, ಮೊದಲು ಒಳಗಿನ ಸ್ಟಿಕರ್ ಫೋಟೋ ಕಳಿಸಿ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡಿದೆ. ಫ್ರಿಜ್ ಸರಿಯಾಗಿ ತಣ್ಣಗಾಗುತ್ತಿಲ್ಲ, ಬಾಗಿಲು ಗಟ್ಟಿಯಾಗಿ ಕೂರುತ್ತಿಲ್ಲ, ತರಕಾರಿ ಡಬ್ಬದಲ್ಲಿ ನೀರು ನಿಲ್ಲುತ್ತಿದೆ ಅಂತ ಬರೆದಿದ್ದೀರಿ. ರಿಪೇರಿಯವರು ಫೋನಿನಲ್ಲೇ ‘ಕಂಪ್ರೆಸರ್ ಹೋಗಿದೆ, ಹೊಸದು ತಗೊಳ್ಳಿ’ ಅಂದರಂತೆ. ಕಂಪ್ರೆಸರ್ ಅಂದರೆ ಹಿಂದುಗಡೆ ಕೆಳಗಿರುವ, ಫ್ರಿಜ್ ಓಡಿಸುವ ಮೋಟರ್. ಅದರ ಕೆಳಗೆ ಅಣ್ಣ ಆನ್‌ಲೈನ್‌ನಲ್ಲಿ ಸಿಗುವ ಬಾಗಿಲ ರಬ್ಬರಿನ ಲಿಂಕ್ ಹಾಕಿದ್ದಾನೆ. ‘190 ಲೀಟರಿಗೆ ಆಗುತ್ತೆ, ತರಿಸಿಬಿಡು’ ಅಂದಿದ್ದಾನೆ. ಇವತ್ತು ಹೊಸ ಫ್ರಿಜ್ಜೂ ಬೇಡ, ಆ ರಬ್ಬರೂ ಬೇಡ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿ.

ಮೊದಲು ಮಾಡೆಲ್ ನಂಬರ್ ಬೇಕು. ನೀವು ಕಳಿಸಿದ ಫೋಟೋದಲ್ಲಿ ಬಾಗಿಲ ಮೇಲಿನ ಸ್ಟಾರ್ ಲೇಬಲ್ ಮಾತ್ರ ಇದೆ. ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ತಿನ್ನುತ್ತದೆ, ಎಷ್ಟು ಲೀಟರ್, ಯಾವ ವರ್ಷದ್ದು ಎಂಬುದೆಲ್ಲ ಸಿಗುತ್ತದೆ. ಮಾಡೆಲ್ ಹೆಸರೂ ಇರುತ್ತದೆ. ಆದರೆ ಬಿಡಿಭಾಗ ತರಲು ಪೂರ್ತಿ ನಂಬರ್ ಬೇಕು. ಅದು ಬೇರೆ ಸ್ಟಿಕರ್‌ನಲ್ಲಿರುತ್ತದೆ. ಬಾಗಿಲು ತೆಗೆದು ತರಕಾರಿ ಡಬ್ಬವನ್ನು ಪೂರ್ತಿ ಹೊರಗೆ ತೆಗೆಯಿರಿ. ಎಡಗಡೆ ಅಥವಾ ಬಲಗಡೆ ಗೋಡೆಯ ಮೇಲೆ, ಡಬ್ಬದ ಹಿಂದೆ ಮರೆಯಾಗಿ, ಬೆಳ್ಳಿ ಬಣ್ಣದ್ದೋ ಬಿಳಿಯದ್ದೋ ಸ್ಟಿಕರ್ ಇರುತ್ತದೆ. ಅಲ್ಲಿ ಇಲ್ಲದಿದ್ದರೆ ಹಿಂಭಾಗದಲ್ಲಿ, ಕೆಳಗೆ ಕಂಪ್ರೆಸರ್ ಹತ್ತಿರ ನೋಡಿ. ಅಕ್ಷರ ಮಾಸಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಬರೀ ಹೊಳಪು ಕಾಣುತ್ತದೆ.

ಆ ಸ್ಟಿಕರ್‌ನಲ್ಲಿ ಮಾಡೆಲ್ ನಂಬರ್ ಬೇರೆ, ಸೀರಿಯಲ್ ನಂಬರ್ ಬೇರೆ ಇರುತ್ತದೆ. ಸೀರಿಯಲ್ ನಂಬರ್ ನಿಮ್ಮ ಮನೆಯ ಆ ಒಂದು ಫ್ರಿಜ್ಜಿಗೆ ಮಾತ್ರ ಸೇರಿದ್ದು, ವಾರಂಟಿಗೆ ಅದು ಬೇಕು. ಬಿಡಿಭಾಗಕ್ಕೆ ಬೇಕಾದದ್ದು ಮಾಡೆಲ್ ನಂಬರ್. ಅದನ್ನು ಕೊನೆಯ ಅಕ್ಷರದವರೆಗೂ ಬರೆದುಕೊಳ್ಳಿ. ಸ್ಯಾಮ್‌ಸಂಗ್‌ನಲ್ಲಿ ಆರ್‌ಆರ್ ಅಂತ ಶುರುವಾದರೆ ಒಂದೇ ಬಾಗಿಲಿನದ್ದು, ಆರ್‌ಟಿ ಅಂದರೆ ಮೇಲೆ ಫ್ರೀಜರ್ ಇರುವ ಎರಡು ಬಾಗಿಲಿನದ್ದು. ಕೊನೆಯಲ್ಲಿ ಓರೆಗೆರೆ ಹಾಕಿ ಇನ್ನೆರಡು ಅಕ್ಷರ ಇರುತ್ತದೆ. ಅದನ್ನು ಜನ ಬಿಟ್ಟುಬಿಡುತ್ತಾರೆ. ಹೊರಗಡೆ ಎರಡು ಫ್ರಿಜ್ ಒಂದೇ ಥರ ಕಂಡರೂ, ಕೊನೆಯ ಅಕ್ಷರ ಬದಲಾದರೆ ಒಳಗಿನ ಟ್ರೇ, ಕೀಲು, ಹಿಡಿ ಬದಲಾಗಿರಬಹುದು. ಹಾಗಾಗಿ ಬರೆಯುವುದಕ್ಕಿಂತ ಫೋಟೋ ತೆಗೆಯುವುದು ವಾಸಿ.

ಅದೇ ಸ್ಟಿಕರ್‌ನಲ್ಲಿ, ಫ್ರಿಜ್ ತಣ್ಣಗೆ ಮಾಡುವ ಗ್ಯಾಸಿನ ಹೆಸರೂ ಇರುತ್ತದೆ. ಆರ್ 134ಎ ಅಥವಾ ಆರ್ 600ಎ ಅಂತ. ಪಕ್ಕದಲ್ಲೇ ಎಷ್ಟು ಗ್ರಾಂ ಅಂತಲೂ ಬರೆದಿರುತ್ತಾರೆ. ಇದನ್ನು ನೆನಪಿಡಿ, ಆಮೇಲೆ ಬರುತ್ತೇನೆ.

ಈಗ ರಬ್ಬರ್ ವಿಷಯ. ‘190 ಲೀಟರಿಗೆ ಆಗುತ್ತೆ’ ಎಂಬ ಮಾತನ್ನು ನಾನೂ ನಂಬಿದ್ದೆ. ನಮ್ಮ ಮನೆಯ ಫ್ರಿಜ್ಜಿಗೆ ಲೀಟರ್ ನೋಡಿ ರಬ್ಬರ್ ತರಿಸಿದೆ. ಉದ್ದ ಅಗಲ ಹೆಚ್ಚುಕಮ್ಮಿ ಸರಿ ಇತ್ತು. ಆದರೆ ರಬ್ಬರಿನ ಹಿಂದೆ ಬಾಗಿಲ ತೋಡಿನೊಳಗೆ ಕೂರುವ ಬಾಣದಂಥ ಏಣು ಇರುತ್ತದಲ್ಲ, ಅದರ ಆಕಾರ ಬೇರೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಎರಡು ದಿನ ಒದ್ದಾಡಿ ಎತ್ತಿಟ್ಟೆ. ಆ ದುಡ್ಡು ಹೋಯಿತು. ಲೀಟರ್ ನೋಡಿ ರಬ್ಬರ್ ತರುವುದು ಅಂದರೆ ವಯಸ್ಸು ಹೇಳಿ ಚಪ್ಪಲಿ ತಂದ ಹಾಗೆ, ಕಾಲಿಗೆ ಆಗಬೇಕಲ್ವಾ?

ರಬ್ಬರ್ ನಿಜವಾಗಿ ಹೋಗಿದೆಯಾ ಎಂದು ಮೊದಲು ನೋಡಬೇಕು. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಆ ಜಾಗ ಸರಿ ಇದೆ. ಸುಮ್ನೆ ಜಾರಿ ಬಂದರೆ ಅಲ್ಲಿ ಗಾಳಿ ಹೋಗುತ್ತಿದೆ. ಸುತ್ತಲೂ ಹೀಗೇ ಮಾಡಿ. ರಾತ್ರಿ ಇನ್ನೊಂದು ಮಾಡಿ. ಫೋನಿನ ಟಾರ್ಚ್ ಹಾಕಿ ಒಳಗಿಟ್ಟು ಬಾಗಿಲು ಮುಚ್ಚಿ, ಅಡುಗೆಮನೆ ದೀಪ ಆರಿಸಿ. ಎಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲೇ ತೊಂದರೆ.

ಎಷ್ಟೋ ಸಲ ರಬ್ಬರ್ ಹೋಗಿರುವುದಿಲ್ಲ, ಬರೀ ಜಿಡ್ಡು ಹಿಡಿದಿರುತ್ತದೆ. ನಮ್ಮ ಮನೆಗಳಲ್ಲಿ ದೋಸೆಹಿಟ್ಟು ಸೋರುವುದು, ಹಾಲು ಚೆಲ್ಲುವುದು ದಿನಾ ಇದ್ದದ್ದೇ. ಮಡಿಕೆಯೊಳಗೆ ಅದು ಒಣಗಿ ಗಟ್ಟಿಯಾಗುತ್ತದೆ. ಮೇಲೆ ಕಪ್ಪು ಬೂಷ್ಟು. ಬಿಸಿ ನೀರಿಗೆ ಸ್ವಲ್ಪ ಸೋಪು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮಡಿಕೆ ಬಿಡಿಸಿ ತೊಳೆಯಿರಿ. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ ನೋಟನ್ನು ಮತ್ತೆ ಇಟ್ಟು ನೋಡಿ. ಎಲ್ಲಾದರೂ ಒಳಕ್ಕೆ ಮಡಚಿಕೊಂಡಿದ್ದರೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಕೊಟ್ಟು ಕೈಯಲ್ಲೇ ನೇರ ಮಾಡಬಹುದು. ಹರಿದಿದ್ದರೆ, ಇಲ್ಲವೇ ಒಳಗಿನ ಅಯಸ್ಕಾಂತದ ಪಟ್ಟಿ ಹಿಡಿಯದೆ ಇದ್ದರೆ ಮಾತ್ರ ಹೊಸದು ಬೇಕು.

ಬಾಗಿಲು ಜೋತು ಬಿದ್ದಿದೆಯಾ ಅದನ್ನೂ ನೋಡಿ. ನಿಮ್ಮ ಬಾಗಿಲಲ್ಲಿ ಯಾವಾಗಲೂ ಎರಡು ಲೀಟರಿನ ನಾಲ್ಕು ಬಾಟಲಿ ಇರುತ್ತವೆ. ಅದೇ ಎಂಟು ಕೆಜಿ ಆಯಿತು. ಕೆಳಗಿನ ಕೀಲಿನಲ್ಲಿ ಪ್ಲಾಸ್ಟಿಕ್ ಬುಶ್, ಅಂದರೆ ಬಾಗಿಲು ಕೂತು ತಿರುಗುವ ಸಣ್ಣ ಬಳೆ, ಇರುತ್ತದೆ. ಅದು ಸವೆದರೆ ಬಾಗಿಲು ಕೆಳಗೆ ಇಳಿಯುತ್ತದೆ, ಮೇಲೆ ಸಂದಿ ಬೀಳುತ್ತದೆ. ಆಗ ಹೊಸ ರಬ್ಬರ್ ಹಾಕಿದರೂ ಉಪಯೋಗ ಇಲ್ಲ. ಬುಶ್ ಬದಲಿಸಿದರೆ ಸಾಕು. ಮುಂದಿನ ಎರಡು ಕಾಲುಗಳನ್ನು ಸ್ವಲ್ಪ ಎತ್ತರ ಮಾಡಿದರೆ ಬಾಗಿಲು ತಾನಾಗಿಯೇ ಹಿಂದಕ್ಕೆ ವಾಲಿ ಮುಚ್ಚಿಕೊಳ್ಳುತ್ತದೆ.

ರಬ್ಬರ್ ಬದಲಿಸಲೇಬೇಕಾದರೆ ಅದು ಹೇಗೆ ಕೂತಿದೆ ಅಂತ ನೋಡಿಕೊಳ್ಳಬೇಕು. ಎರಡು ಥರ ಇವೆ. ಹೊಸ ಫ್ರಿಜ್‌ಗಳಲ್ಲಿ ತೋಡಿನೊಳಗೆ ಒತ್ತಿ ಕೂರಿಸಿರುತ್ತಾರೆ. ಮೂಲೆಯಿಂದ ಎಳೆದರೆ ಬಂದುಬಿಡುತ್ತದೆ. ಹಳೆಯದರಲ್ಲಿ ರಬ್ಬರಿನ ಅಂಚು ಎತ್ತಿದರೆ ಸುತ್ತಲೂ ಸ್ಕ್ರೂ ಕಾಣುತ್ತವೆ. ಆ ಸ್ಕ್ರೂಗಳನ್ನು ಪೂರ್ತಿ ಬಿಚ್ಚಬಾರದು. ಬಿಚ್ಚಿದರೆ ಬಾಗಿಲ ಒಳಗಿನ ಪ್ಲಾಸ್ಟಿಕ್ ಪೂರ್ತಿ ಕಳಚಿಕೊಂಡು ಬಾಗಿಲೇ ಸೊಟ್ಟಗಾಗುತ್ತದೆ. ಸ್ವಲ್ಪ ಸಡಿಲ ಮಾಡಿ, ಹಳೆಯದನ್ನು ಎಳೆದು, ಹೊಸದನ್ನು ಮೇಲಿನಿಂದ ತೂರಿಸುತ್ತಾ ಬರಬೇಕು. ಯಾವ ಥರ ಆದರೂ ಹೊಸ ರಬ್ಬರ್ ಮಡಚಿಕೊಂಡೇ ಬಂದಿರುತ್ತದೆ. ಸ್ವಲ್ಪ ಹೊತ್ತು ಬಿಸಿ ನೀರಿನಲ್ಲಿಟ್ಟರೆ ಮೆತ್ತಗಾಗುತ್ತದೆ. ಮೊದಲು ನಾಲ್ಕು ಮೂಲೆ, ಆಮೇಲೆ ನಡುಭಾಗ. ಕೀಲಿನ ಕಡೆ ಚೂರು ವ್ಯಾಸಲೀನ್ ಸವರಿದರೆ ತಿರುಚಿಕೊಳ್ಳುವುದಿಲ್ಲ.

ನೀರಿಗೂ ರಬ್ಬರಿಗೂ ಸಂಬಂಧ ಇದೆ, ಆದರೆ ಪೂರ್ತಿ ಅಲ್ಲ. ತೀರ್ಥಹಳ್ಳಿಯ ಮಳೆಗಾಲದ ಗಾಳಿಯಲ್ಲಿ ನೀರೇ ನೀರು. ಸಂದಿಯಿಂದ ಆ ಗಾಳಿ ಒಳಗೆ ಹೋದರೆ ಫ್ರೀಜರ್ ಸುತ್ತ ಮಂಜುಗಡ್ಡೆ ಕಟ್ಟುತ್ತದೆ. ಮಂಜು ದಪ್ಪವಾದಷ್ಟೂ ಕೆಳಗೆ ತಣ್ಣಗಾಗುವುದು ಕಡಿಮೆ. ನಿಮ್ಮದು ಒಂದೇ ಬಾಗಿಲಿನದ್ದು, ಹಾಗಾಗಿ ನಾವೇ ಗುಂಡಿ ಒತ್ತಿ ಮಂಜು ಕರಗಿಸಬೇಕು. ಕರಗಿದ ನೀರು ಹಿಂಗೋಡೆಯ ಒಂದು ಸಣ್ಣ ತೂತಿನಿಂದ ಇಳಿದು, ಕಂಪ್ರೆಸರ್ ಮೇಲಿನ ತಟ್ಟೆಗೆ ಬಿದ್ದು, ಅದರ ಬಿಸಿಗೆ ಆರಿಹೋಗುತ್ತದೆ. ಆ ತೂತಿಗೆ ಕೊತ್ತಂಬರಿ ಸೊಪ್ಪಿನ ಎಲೆ ಸಿಕ್ಕಿಕೊಂಡರೆ ನೀರೆಲ್ಲ ತರಕಾರಿ ಡಬ್ಬಕ್ಕೆ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಬೆಚ್ಚಗಿನ ನೀರು ತುಂಬಿ ಆ ತೂತಿಗೆ ಬಿಡಿ. ನನಗೆ ಅನ್ನಿಸುವ ಪ್ರಕಾರ ನಿಮ್ಮ ಅರ್ಧ ತೊಂದರೆ ಇದೇ. ದಯವಿಟ್ಟು ಮಂಜನ್ನು ಚಾಕುವಿನಿಂದ ಕೆರೆಯಬೇಡಿ. ಫ್ರೀಜರಿನ ತಗಡಿನೊಳಗೇ ಗ್ಯಾಸ್ ಓಡಾಡುವುದು. ಒಂದು ತೂತು ಬಿದ್ದರೆ ಅಲ್ಲಿಗೆ ನಿಜವಾಗಿಯೂ ದೊಡ್ಡ ಖರ್ಚು.

ಈಗ ಕಂಪ್ರೆಸರ್ ಮಾತು. ಅತ್ತಿಗೆ, ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಎರಡು ವರ್ಷದ ಹಿಂದೆ ಅಮ್ಮನ ಫ್ರಿಜ್ ತಣ್ಣಗಾಗುವುದು ನಿಂತಿತು. ಒಳಗೆ ಲೈಟ್ ಉರಿಯುತ್ತಿತ್ತು. ಕೆಲವು ನಿಮಿಷಕ್ಕೊಮ್ಮೆ ಹಿಂದುಗಡೆ ‘ಟಕ್’ ಅನ್ನುತ್ತಿತ್ತು, ಸ್ವಲ್ಪ ಗುಂಯ್ ಅಂದು ಮತ್ತೆ ‘ಟಕ್’. ಬಂದವರು ಒಬ್ಬರು ಕೈಯಲ್ಲಿ ಮುಟ್ಟಿ ನೋಡಿ ‘ಕಂಪ್ರೆಸರ್ ಸತ್ತಿದೆ’ ಅಂದು ಹೋದರು. ಅಪ್ಪ ಇದ್ದಾಗ ತಂದ ಫ್ರಿಜ್ ಅದು. ಅಮ್ಮ ಏನೂ ಹೇಳದೆ ಅದನ್ನು ಖಾಲಿ ಮಾಡಿ ಒರೆಸುತ್ತಿದ್ದುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಇನ್ನೊಬ್ಬರನ್ನು ಕರೆಸಿದೆ. ಅವರು ಪ್ಲಗ್ ಕಿತ್ತು, ಕಂಪ್ರೆಸರ್ ಪಕ್ಕದ ಸಣ್ಣ ಮುಚ್ಚಳ ತೆಗೆದು, ಕಂಪ್ರೆಸರ್ ಶುರು ಮಾಡಿಸುವ, ಬೆಂಕಿಪೊಟ್ಟಣದಷ್ಟು ಇರುವ ರಿಲೇ ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗೆ ಗಲಗಲ ಅಂದಿತು. ಒಡೆದಿತ್ತು. ರಿಲೇ ಮತ್ತು ಅದರ ಪಕ್ಕದ ಓವರ್‌ಲೋಡ್ (ಕಂಪ್ರೆಸರ್ ತುಂಬಾ ಬಿಸಿಯಾದರೆ ಕರೆಂಟ್ ಕಡಿಯುವುದು) ಎರಡನ್ನೂ ಬದಲಿಸಿದರು. ಕೆಲವು ನೂರು ರೂಪಾಯಿ, ಅರ್ಧ ಗಂಟೆ. ಇವತ್ತಿಗೂ ಅಮ್ಮ ಅದರಲ್ಲೇ ಮೊಸರು ಇಡುತ್ತಾರೆ.

ಒಂದು ವಿಷಯ ಅವತ್ತು ಕಲಿತೆ. ರಿಲೇ ತರುವಾಗ ಫ್ರಿಜ್ ಮಾಡೆಲ್ ನಂಬರ್ ಮಾತ್ರ ಸಾಲದು. ಕಂಪ್ರೆಸರ್ ಮೇಲೆ ಅದರದೇ ನಂಬರ್ ಇರುತ್ತದೆ, ಅದಕ್ಕೆ ಹೊಂದುವುದೇ ಬೇಕು. ತಣ್ಣಗೆ ಹೆಚ್ಚುಕಮ್ಮಿ ಮಾಡುವ ಥರ್ಮೋಸ್ಟಾಟಿಗೂ ಮೈಮೇಲೆ ಅದರದೇ ನಂಬರ್ ಇದೆ. ಬಲ್ಬ್ ಹಳೆಯ ಥರದ್ದಾದರೆ ಹೆಚ್ಚಾಗಿ ಇ14 ಎಂಬ ಸಣ್ಣ ತಿರುಪಿನ 15 ವಾಟಿನದ್ದು. ಎಲ್‌ಇಡಿ ಆದರೆ ಮಾಡೆಲ್ ನೋಡಿ ಆ ಪಟ್ಟಿಯನ್ನೇ ತರಬೇಕು. ಗಾಜಿನ ತಟ್ಟೆ, ಬಾಟಲಿ ಇಡುವ ಕಟ್ಟೆ, ಫ್ರೀಜರಿನ ಮುಚ್ಚಳ ಎಲ್ಲಕ್ಕೂ ಮಾಡೆಲ್ ನಂಬರ್ ಸಾಕು. ಯಾವುದಕ್ಕೂ ಹಳೆಯ ಭಾಗ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ.

ನಿಮ್ಮ ಕಂಪ್ರೆಸರ್ ಓಡುತ್ತಿದೆಯಾ? ಹತ್ತಿರ ಕಿವಿ ಕೊಡಿ. ಒಂದೇ ಸಮನೆ ಓಡುತ್ತಿದ್ದರೆ ಅದರ ಮೋಟರ್ ಸತ್ತಿಲ್ಲ. ಓಡುತ್ತಲೇ ಇದ್ದು, ಫ್ರೀಜರ್ ಕೂಡ ತಣ್ಣಗಾಗದಿದ್ದರೆ ಆಗ ಗ್ಯಾಸ್ ಸೋರಿರಬಹುದು. ಲೈಟ್ ಇದ್ದು ಯಾವ ಸದ್ದೂ ಇಲ್ಲದಿದ್ದರೆ ಥರ್ಮೋಸ್ಟಾಟ್ ಕಡೆ ನೋಡಬೇಕು. ‘ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಬೆಸುಗೆ ಹಾಕಿ ಮುಚ್ಚಿದ ಕೊಳವೆ. ಸೋರದೆ ಗ್ಯಾಸ್ ಖಾಲಿ ಆಗುವುದಿಲ್ಲ. ಸೋರುವ ಜಾಗ ಮುಚ್ಚದೆ ತುಂಬಿದರೆ ಮತ್ತೆ ಹೋಗುತ್ತದೆ. ಆಗಲೇ ಸ್ಟಿಕರ್ ವಿಷಯ ಹೇಳಿದೆನಲ್ಲ, ಆ ಹೆಸರಿನ ಗ್ಯಾಸೇ, ಅಷ್ಟೇ ಗ್ರಾಂ, ತಕ್ಕಡಿಯಲ್ಲಿ ತೂಗಿ ತುಂಬಬೇಕು. ಆರ್ 600ಎ ಅಂದರೆ ಬೆಂಕಿ ಹತ್ತುವ ಗ್ಯಾಸ್. ಅದರ ಮೇಲೆ ಕೆಲಸ ಮಾಡಿ ಗೊತ್ತಿಲ್ಲದವರ ಕೈಗೆ ಫ್ರಿಜ್ ಕೊಡಬೇಡಿ. ಅಣ್ಣ, ನೀನೂ ಕೇಳಿಸಿಕೊ. ರಿಲೇ, ಕರೆಂಟ್ ಹಿಡಿದಿಡುವ ಕೆಪಾಸಿಟರ್, ಗ್ಯಾಸ್, ಈ ಮೂರಕ್ಕೆ ಯೂಟ್ಯೂಬ್ ನೋಡಿ ಕೈ ಹಾಕಬೇಡ. ರಬ್ಬರ್, ಬುಶ್, ಬಲ್ಬ್, ತಟ್ಟೆ ಮಾಡು, ಅದೂ ಪ್ಲಗ್ ಕಿತ್ತ ಮೇಲೆ.

ಬಿಲ್ ಹುಡುಕಿಡಿ. ಒಂದು ವರ್ಷದ ವಾರಂಟಿ ಮುಗಿದರೂ ಅನೇಕ ಕಂಪನಿಗಳು ಕಂಪ್ರೆಸರಿಗೆ 10 ವರ್ಷ ಕೊಟ್ಟಿರುತ್ತವೆ. ನಿಮ್ಮದು ತಂದು ಏಳೇ ವರ್ಷ ಅಲ್ವಾ? ಕಂಪನಿಗೆ ಫೋನ್ ಮಾಡುವಾಗ ನಂಬರನ್ನು ಸುಮ್ನೆ ಇಂಟರ್‌ನೆಟ್‌ನಲ್ಲಿ ಹುಡುಕಿ ತೆಗೆಯಬೇಡಿ, ಮೋಸದವರ ನಂಬರೇ ಮೇಲೆ ಬರುವುದುಂಟು. ಫ್ರಿಜ್ ಜೊತೆ ಬಂದ ಪುಸ್ತಕದಲ್ಲಿರುವ ನಂಬರಿಗೇ ಮಾಡಿ. ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ. ಕಂಪನಿಯವರು ಸರಿಯಾಗಿ ಉತ್ತರ ಕೊಡದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಕೂಡ ಶುರು ಮಾಡಿದೆ. ಕಂಪನಿಗಳ ರಿಪೇರಿ, ಬಿಡಿಭಾಗ, ವಾರಂಟಿ ಮಾಹಿತಿ ಒಂದೇ ಕಡೆ ಸಿಗಲಿ ಅಂತ ಮಾಡಿದ್ದು ಅದು.

ಈಗ ನನಗೆ ಮೂರು ಫೋಟೋ ಬೇಕು. ಒಳಗಿನ ಸ್ಟಿಕರ್, ಕಂಪ್ರೆಸರ್ ಮೇಲಿನ ನಂಬರ್, ರಬ್ಬರಿನ ಒಂದು ಮೂಲೆಯನ್ನು ಸ್ವಲ್ಪ ಎತ್ತಿ ಹಿಡಿದದ್ದು. ಎರಡನೆಯದಕ್ಕೆ ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಅಣ್ಣನ ಕೈಲಿ ತೆಗೆಸಿ. ಬೇಕಾದದ್ದನ್ನು ಶಿವಮೊಗ್ಗದಲ್ಲಿ ವಿಚಾರಿಸಿ ಭಾನುವಾರ ನಾನೇ ತರುತ್ತೇನೆ. ಅಲ್ಲಿಯವರೆಗೆ ಹಾಲು, ಹಿಟ್ಟು, ಮಾವನ ಇನ್ಸುಲಿನ್ ಪಕ್ಕದ ಮನೆಯ ಫ್ರಿಜ್‌ನಲ್ಲಿ ಇಡಿ. ಇನ್ಸುಲಿನ್ ಮಾತ್ರ ಫ್ರೀಜರಿನಲ್ಲಿ ಇಡಬೇಡಿ ಅಂತ ಅವರಿಗೂ ಹೇಳಿ.