ಅಮ್ಮನ ನಾಡಿ 132 ಅಂತೆ! ವೇರೆಬಲ್ ಮೇಲೆ ಪಿಎಚ್‌ಡಿ ಮಾಡುದಾ ಬೇಡ್ವಾ?

ಸೀತಾಂಗೋಳಿ_ಸರ್ಕಿಟ್
ನಮಸ್ಕಾರ ಎಲ್ರಿಗೂ. ನಾನು ಕಾಸರಗೋಡು ಹತ್ರ ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುದು, ಒಂಬತ್ತು ವರ್ಷ ಆಯ್ತು, ಇನ್ನು ಪಿಎಚ್‌ಡಿ ಇಲ್ಲದೆ ಮುಂದೆ ಹೋಗ್ಲಿಕ್ಕೆ ಆಗುದಿಲ್ಲ. ವೇರೆಬಲ್, ಅಂದ್ರೆ ಕೈಗೆ ಕಟ್ಟಿ ನಾಡಿ, ಆಕ್ಸಿಜನ್ ನೋಡುವ ಬ್ಯಾಂಡ್ ಮೇಲೆ ಮಾಡ್ಬೇಕು ಅಂತ ಆಸೆ. ಗೈಡ್ ಹೇಳುದು ಎಂತ ಅಂದ್ರೆ ನೆಟ್ಟಲ್ಲಿ ಸಿಗುವ ಡೇಟಾ ತೆಗೊಂಡು ಮೆಷಿನ್ ಲರ್ನಿಂಗ್ ಮಾಡಿ, ಎರಡು ವರ್ಷದಲ್ಲಿ ನಾಲ್ಕು ಪೇಪರ್ ಆಗ್ತದೆ, ಉಪಕರಣ ಮಾಡ್ಲಿಕ್ಕೆ ಹೋದ್ರೆ ತಲೆ ಹಣ್ಣಾಗ್ತದೆ ಅಂತ.

ಮಕ್ಕಳ ಪ್ರಾಜೆಕ್ಟಿಗೆ ನಾಡಿ ನೋಡುವ ಮ್ಯಾಕ್ಸ್30102 ಸೆನ್ಸರ್, ಲೆಕ್ಕ ಮಾಡ್ಲಿಕ್ಕೆ ಇಎಸ್‌ಪಿ32 ಚಿಪ್ ಹಾಕಿ ಒಂದು ಬ್ಯಾಂಡ್ ಮಾಡಿದ್ದೆವು. ಲ್ಯಾಬಲ್ಲಿ ಚಂದ ಬರ್ತಿತ್ತು. ಮನೆಗೆ ತಂದು ಅಮ್ಮನ ಬಲಗೈಗೆ ಕಟ್ಟಿದೆ, ಅವರು ಹೆರೆಮಣೆಯಲ್ಲಿ ಕೂತು ಕಾಯಿ ಹೆರೀಲಿಕ್ಕೆ ಶುರು ಮಾಡಿದ್ದೇ ತಡ 132 ತೋರಿಸ್ತು. ನನಗೆ ಎದೆ ಧಸಕ್ ಅಂತು. ಕೂಡ್ಲೇ ಕೈ ಹಿಡಿದು ಎಣಿಸಿ ನೋಡಿದ್ರೆ 78. ಅಮ್ಮ ನನ್ನ ಮುಖ ನೋಡಿ "ನಿನ್ನದು ಎಷ್ಟುಂಟು ನೋಡ್ಕೊ" ಅಂದ್ರು. ಇದೇ ದಾರಿಯಲ್ಲಿ ಹೋಗಿ ಬದುಕು ಕಟ್ಟಿಕೊಂಡವರು ಇದ್ದೀರಾ? ಇದ್ರೆ ಹೇಳಿ.

ಅನಂತಪುರಿ_ಬಯೋಮೆಡ್
ಮಾಷ್ಟ್ರೇ, ನಾನು ಮಂಜೇಶ್ವರದವ, ತಿರುವನಂತಪುರದಲ್ಲಿ ಈ ಕೆಲಸದಲ್ಲೇ ಇದ್ದೇನೆ. ಮೊದಲು ಒಂದು ಮಾತು, ಆ 132 ಸುಮ್ಮನೆ ಬಂದದ್ದಲ್ಲ. ನಾಳೆ ಅಮ್ಮ ಕಾಯಿ ಹೆರೆಯುವಾಗ ಹತ್ರ ಕೂತು 15 ಸೆಕೆಂಡಿಗೆ ಕೈ ಎಷ್ಟು ಸಲ ಹೋಗಿ ಬರ್ತದೆ ಎಣಿಸಿ, ನಾಲ್ಕರಿಂದ ಗುಣಿಸಿ, ಮತ್ತೆ ಬಂದು ಇಲ್ಲಿ ಬರೀರಿ.

ಸೆನ್ಸರ್ ಮಾಡುದು ಎಂತದು ನೋಡಿ, ಚರ್ಮದೊಳಗೆ ಬೆಳಕು ಬಿಟ್ಟು ವಾಪಸ್ ಬರುವುದು ಎಷ್ಟು ಹೆಚ್ಚು-ಕಮ್ಮಿ ಆಗ್ತದೆ ಅಂತ ನೋಡುದು. ಹೃದಯದ ಬಡಿತಕ್ಕೆ ಆಗುವ ವ್ಯತ್ಯಾಸ ತುಂಬಾ ಸಣ್ಣದು, ಕೈ ಅಲ್ಲಾಡಿದ್ರೆ ಆಗುವುದು ಅದಕ್ಕಿಂತ ಎಷ್ಟೋ ದೊಡ್ಡದು. ಅದರ ಮೇಲೆ ನಿಮ್ಮ 30102ರಲ್ಲಿ ಇರುವುದು ಕೆಂಪು, ಇನ್‌ಫ್ರಾರೆಡ್ ಮಾತ್ರ, ಬೆರಳ ತುದಿಗಾದ್ರೆ ಸಾಕು, ಮಣಿಕಟ್ಟಿಗೆ ಕಷ್ಟ. ವಾಚಿನವರು ಬಡಿತ ನೋಡ್ಲಿಕ್ಕೆ ಹಸಿರು ಲೈಟ್ ಹಾಕುದು ಅದಕ್ಕೇ, ಹಸಿರು ಆಳಕ್ಕೆ ಹೋಗುದಿಲ್ಲ, ಅಲ್ಲಾಟದ ಕಾಟ ಸ್ವಲ್ಪ ಕಮ್ಮಿ. ಅಲ್ಲಾಟ ಅಳೀಲಿಕ್ಕೆ ಪಕ್ಕದಲ್ಲಿ ಆಕ್ಸೆಲೆರೊಮೀಟರ್ ಇಟ್ಟು ಅದನ್ನು ಕಳೀಬಹುದು, ಆದ್ರೆ ಕೈಯ ಲಯವೂ ನಾಡಿಯ ಲಯವೂ ಒಂದೇ ಆಗಿಬಿಟ್ರೆ ಯಾವುದನ್ನು ಕಳೆಯುದು? ಪಿಎಚ್‌ಡಿ ಇರುವುದು ಅಲ್ಲಿ.

ಬದುಕು ಕಟ್ಟಿಕೊಂಡವರ ಬಗ್ಗೆ ಕೇಳಿದ್ರಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರೋಸಲಿಂಡ್ ಪಿಕಾರ್ಡ್ ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ನಮ್ಮ ಹಾಗೆಯೇ. ಒತ್ತಡ, ಭಾವನೆ ಅಳೀಲಿಕ್ಕೆ ಅಂತ ಚರ್ಮದ ಬೆವರಿನ ವಿದ್ಯುತ್ ನೋಡುವ ಕೈಪಟ್ಟಿ ಮಾಡ್ತಿದ್ರು. ಒಬ್ಬ ವಿದ್ಯಾರ್ಥಿ ರಜೆಯಲ್ಲಿ ಊರಿಗೆ ಹೋಗುವಾಗ ಆಟಿಸಂ ಇರುವ ತಮ್ಮನಿಗೆ ಕಟ್ಲಿಕ್ಕೆ ಅಂತ ಎರಡು ಪಟ್ಟಿ ತೆಗೊಂಡು ಹೋದ. ಆಮೇಲೆ ಡೇಟಾ ನೋಡಿದ್ರೆ ಒಂದು ಕೈಯಲ್ಲಿ ಆಕಾಶಕ್ಕೆ ಏರಿದ ಗೆರೆ, ಇನ್ನೊಂದು ಕೈಯಲ್ಲಿ ಏನೂ ಇಲ್ಲ. ಯಾರಾದ್ರೂ ಸೆನ್ಸರ್ ಹಾಳು ಅಂತ ಬಿಸಾಡ್ತಿದ್ರು. ಪಿಕಾರ್ಡ್ ಫೋನ್ ಮಾಡಿ ಕೇಳಿದ್ರು, ಆ ಹೊತ್ತಿಗೆ ಹುಡುಗನಿಗೆ ಮೂರ್ಛೆ ಬಂದಿತ್ತು. ಅದರ ಮೇಲೆ ಪೇಪರ್ ಬಂದದ್ದು 2012, ಆ ದಾರಿಯಲ್ಲಿ ಹುಟ್ಟಿದ ಮೂರ್ಛೆ ವಾಚಿಗೆ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣ ನೋಡಿ ಬಿಡುವ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2018. ಮಧ್ಯದ ಆರು ವರ್ಷಕ್ಕೆ ನಿಮ್ಮ ಗೈಡ್ ತಲೆ ಹಣ್ಣಾಗುದು ಹೇಳಿದ್ದು, ಸುಳ್ಳಲ್ಲ.

ಕುಂಬ್ಳೆ_ಕಡಪ್ಪುರ
ಇಷ್ಟೆಲ್ಲಾ ಎಂತಕ್ಕೆ ಮಾರಾಯ್ರೆ, 1500 ರೂಪಾಯಿಗೆ ಆನ್‌ಲೈನಲ್ಲಿ ವಾಚ್ ಸಿಗ್ತದೆ, ಬಿಪಿಯೂ ತೋರಿಸ್ತದೆ 😄

ನೈಟ್‌ಡ್ಯೂಟಿ_ಸಿಸ್ಟರ್
ಅಂಥ ವಾಚನ್ನು ನಮ್ಮ ವಾರ್ಡಲ್ಲಿ ಒಬ್ರು ಮೇಜಿನ ಕಾಲಿಗೆ ಕಟ್ಟಿದ್ರು ಅಣ್ಣ, ಮೇಜಿಗೂ ಬಿಪಿ ಬಂತು.

ಮಾಷ್ಟ್ರೇ, ನಾನು ಉಪ್ಪಳದವಳು, ಮಂಗಳೂರಲ್ಲಿ ನರ್ಸ್. ಇಂಜಿನಿಯರುಗಳು ಬಂದು ಡೆಮೊ ಕೊಡುವಾಗ ಎಸಿ ರೂಮಲ್ಲಿ ಅವರದ್ದೇ ಮೆದು ಕೈಗೆ ಕಟ್ಟಿ ತೋರಿಸಿ ಹೋಗ್ತಾರೆ. ನಮಗೆ ಬರುವುದು ಅಡಿಕೆ ಸುಲಿದು ಚರ್ಮ ಹಲಗೆಯಾದ ಬೆರಳು, ಮದರಂಗಿ ಹಚ್ಚಿದ ಬೆರಳು, ಬಿಪಿ ಇಳಿದು ಮಂಜುಗಡ್ಡೆಯಾದ ಬೆರಳು. ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದ್ರೆ ಗೆರೆಯೇ ಬರುದಿಲ್ಲ, ಬೆರಳು ಬದಲಿಸಿ, ತಿಕ್ಕಿ ಬಿಸಿ ಮಾಡಿ, ಕಡೆಗೆ ಕಿವಿಗೆ ಹಾಕಿ ನೋಡುದು. ಕಪ್ಪು ಚರ್ಮದವರಲ್ಲಿ ಆಕ್ಸಿಜನ್ ಇರುವುದಕ್ಕಿಂತ ಜಾಸ್ತಿ ತೋರಿಸುದುಂಟು, ಅದು ಅಮೆರಿಕದಲ್ಲಿ 2020ರಲ್ಲಿ ದೊಡ್ಡ ಸುದ್ದಿಯೇ ಆಯ್ತಲ್ಲ, ಕಪ್ಪು ಜನರಲ್ಲಿ ಇಂಥ ತಪ್ಪು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಅಂತ. ಬಿಸಿಲಲ್ಲಿ ಕೆಲಸ ಮಾಡುವ ನಮ್ಮವರನ್ನು ಎಷ್ಟು ಜನ ಟೆಸ್ಟ್ ಮಾಡಿರ್ತಾರೆ ಹೇಳಿ.

ಇನ್ನೊಂದು, ಅಲಾರಂ. ರಾತ್ರಿ ಹತ್ತು ಸಲ ಸುಳ್ಳು ಅಲಾರಂ ಆದ್ರೆ ಹನ್ನೊಂದನೇ ಸಲ ಓಡುವ ಕಾಲು ನಿಧಾನ ಆಗ್ತದೆ, ನಾನು ಒಪ್ಪಿಕೊಳ್ತೇನೆ. ದಿನಾ ಚಾರ್ಜಿಗೆ ಇಡ್ಬೇಕು ಅಂದ್ರೆ ನಮ್ಮ ಅಜ್ಜ ಅಜ್ಜಿಯಂದಿರು ಮೂರನೇ ದಿನ ಕಪಾಟಿಗೆ ಹಾಕ್ತಾರೆ, ಮಳೆಗಾಲದಲ್ಲಂತೂ ಪಟ್ಟಿಯ ಅಡಿಯಲ್ಲಿ ಬೆವರಿ ತುರಿಕೆ ಬೇರೆ.

ಅನಂತಪುರಿ_ಬಯೋಮೆಡ್
ಸಿಸ್ಟರ್ ಹೇಳಿದ್ದನ್ನು ಪ್ರಿಂಟ್ ತೆಗೆದು ಲ್ಯಾಬಲ್ಲಿ ಅಂಟಿಸಿ ಮಾಷ್ಟ್ರೇ, ಅರ್ಧ ಥೀಸಿಸ್ ಅದು.

ವಾಚ್ ಅಣ್ಣನಿಗೆ: ದೊಡ್ಡ ಕಂಪೆನಿಯ ವಾಚನ್ನೇ 4.19 ಲಕ್ಷ ಜನರ ಮೇಲೆ ನೋಡಿದ್ರು, ಆಪಲ್‌ನವರದ್ದು, ಫಲಿತಾಂಶ 2019ರಲ್ಲಿ ಬಂತು. ಬಡಿತ ತಾಳ ತಪ್ಪಿದೆ ಅಂತ ಎಚ್ಚರಿಕೆ ಬಂದದ್ದು 2161 ಜನಕ್ಕೆ. ಅವರಲ್ಲಿ ಎದೆಗೆ ಇಸಿಜಿ ಪ್ಯಾಚ್ ಅಂಟಿಸಿ ಅದನ್ನು ವಾಪಸ್ ಕಳಿಸಿದ 450 ಜನರಲ್ಲಿ ತೊಂದರೆ ಕಂಡದ್ದು 34 ಶೇಕಡಾ. ಅದು ಬಂದು ಹೋಗುವ ಕಾಯಿಲೆ, ಉಳಿದವರಿಗೆ ಇಲ್ಲವೇ ಇಲ್ಲ ಹೇಳ್ಲಿಕ್ಕೂ ಆಗುದಿಲ್ಲ. ನೋಡಿ ಎಷ್ಟು ಕಷ್ಟ ಅಂತ. ಹೋಲ್ಟರ್ ಹೆಸರು ಕೇಳಿರ್ಬಹುದು, 24 ಗಂಟೆ ಇಸಿಜಿ. ಆ ಹೋಲ್ಟರ್ ಡಾಕ್ಟರ್ ಅಲ್ಲ, ಫಿಸಿಕ್ಸ್ ಕೆಮಿಸ್ಟ್ರಿ ಓದಿದವ, 1940ರ ದಶಕದ ಕೊನೆಗೆ ಅವ ಮಾಡಿದ್ದು ಬೆನ್ನಿಗೆ ಹೊರುವ 38 ಕಿಲೋದ ಪೆಟ್ಟಿಗೆ! ಅಡಿಕೆ ಗೋಣಿ ಹೊತ್ತ ಹಾಗೆ.

ನಿಮಗೆ ನನ್ನ ಸಲಹೆ ಇಷ್ಟೇ, ಎಲ್ಲಾ ರೋಗಕ್ಕೂ ಒಂದೇ ಬ್ಯಾಂಡ್ ಅಂತ ಹೊರಡ್ಬೇಡಿ. ಕೆಲಸ ಮಾಡುವ ಕೈಯಲ್ಲಿ ನಾಡಿ, ಅದೊಂದೇ ಸಾಕು. ಡಾಕ್ಟ್ರೊಬ್ಬರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ, ಜನರ ಮೇಲೆ ಪರೀಕ್ಷೆ ಮಾಡುದು ಸರಿಯಾ ಅಂತ ನೋಡುವ ಎಥಿಕ್ಸ್ ಕಮಿಟಿ ಅನುಮತಿ ಇಲ್ಲದೆ ಹೊರಗಿನವರೊಬ್ಬರ ಕೈಗೂ ಕಟ್ಬೇಡಿ. ಒಪ್ಪಿಗೆ ಪತ್ರ ಮಲಯಾಳದಲ್ಲಿ ಮಾತ್ರ ಮಾಡ್ಬೇಡಿ, ನಮ್ಮ ಕಡೆಯ ಹಿರಿಯರು ಓದುದು ಕನ್ನಡ, ಓದಲಿಕ್ಕೆ ಬಾರದವರಿಗೆ ತುಳುವಿನಲ್ಲಿ ಹೇಳ್ಬೇಕು. ಮುಂದೆ ಮಾರುವ ಯೋಚನೆ ಉಂಟಾದ್ರೆ 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಈಗಲೇ ಒಮ್ಮೆ ಓದಿ, ಅಪಾಯ ನೋಡಿ ಎ ಇಂದ ಡಿ ವರೆಗೆ ನಾಲ್ಕು ವರ್ಗ ಉಂಟು. ಗೈಡ್ ಹೇಳಿದ ಪೇಪರೂ ಬೇಕು, ಅದನ್ನು ಬಿಟ್ಟು ಹೀರೋ ಆಗ್ಲಿಕ್ಕೆ ಹೋಗ್ಬೇಡಿ, ಪ್ರಮೋಷನ್ ಬೇಕಲ್ಲ.

ಸೀತಾಂಗೋಳಿ_ಸರ್ಕಿಟ್
ಎಣಿಸಿದೆ. 15 ಸೆಕೆಂಡಿಗೆ 33 ಸಲ. ನಾಲ್ಕರಿಂದ ಗುಣಿಸಿ ನೀವೇ ನೋಡಿ, ನಾನು ಹೆರೆಮಣೆಯ ಎದುರು ಕೂತು ನಗಾಡಿದ್ದಕ್ಕೆ ಅಮ್ಮ ಬೈದ್ರು. ಬ್ಯಾಂಡ್ ಎಡಗೈಗೆ ಬದಲಿಸಿದೆ, ಎಡಗೈಯಲ್ಲಿ ಅವರು ಸೆರಗು ಹಿಡಿದು ಸುಮ್ಮನೆ ಇಟ್ಕೊಂಡಿದ್ರು, 86 ಬಂತು. ಸೋಮವಾರ ಗೈಡ್ ಹತ್ರ ಹೋಗುವಾಗ ಎರಡೂ ಕೈಯ ಗ್ರಾಫ್ ತೆಗೊಂಡು ಹೋಗ್ತೇನೆ. ಸಿಸ್ಟರ್, ನಿಮಗೆ ಒಂದು ಮೆಸೇಜ್ ಹಾಕಿದ್ದೇನೆ, ಡ್ಯೂಟಿ ಮುಗಿದ ಮೇಲೆ ನೋಡಿ.