ಪದಚರ್ಚೆ: ‘ಕಲಿವರ್ಜ್ಯ’ ಎಂದರೆ ಬರೀ ‘ನಿಷಿದ್ಧ’ವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಧರ್ಮಶಾಸ್ತ್ರದ ಪಾರಿಭಾಷಿಕ ಪದಗಳಿಗೆ ಕನ್ನಡದಲ್ಲಿ ಒಂದು ಸಣ್ಣ ಅರ್ಥಕೋಶ ಮಾಡಿಕೊಳ್ಳುತ್ತಿದ್ದೇನೆ. ‘ಕಲಿವರ್ಜ್ಯ’ಕ್ಕೆ ಬಂದು ಕೆಲಸ ನಿಂತಿದೆ. ಎಲ್ಲೆಡೆ ಕೊಡುವ ಅರ್ಥ ‘ಕಲಿಯುಗದಲ್ಲಿ ನಿಷಿದ್ಧವಾದದ್ದು’. ವ್ಯಾಕರಣಕ್ಕೆ ಇದರಲ್ಲಿ ತಕರಾರಿಲ್ಲ. ಕಲೌ ವರ್ಜ್ಯಂ, ಸಪ್ತಮೀ ತತ್ಪುರುಷ, ಅಷ್ಟೇ. ಆದರೆ ಈ ಅರ್ಥ ಪದದ ಅರ್ಧವನ್ನು ಮಾತ್ರ ಹೇಳುತ್ತದೆ, ಮುಖ್ಯವಾದ ಅರ್ಧವನ್ನು ಬಿಡುತ್ತದೆ ಎಂದು ನನಗೆ ಅನಿಸಿದೆ. ಕಳವು, ಸುಳ್ಳುಸಾಕ್ಷಿ ಎಲ್ಲ ಯುಗಕ್ಕೂ ನಿಷಿದ್ಧ. ಅವನ್ನು ಯಾರೂ ಕಲಿವರ್ಜ್ಯ ಎನ್ನುವುದಿಲ್ಲ. ಕಲಿವರ್ಜ್ಯ ಆಗಬೇಕಾದರೆ ಆ ಕರ್ಮವನ್ನು ಹಿಂದೆ ಶಾಸ್ತ್ರವೇ ವಿಧಿಸಿರಬೇಕು, ಕಡೇಪಕ್ಷ ಒಪ್ಪಿರಬೇಕು. ಆಮೇಲೆ ಯಾರೋ ಕೂತು ಇದು ಈ ಯುಗಕ್ಕೆ ಬೇಡ ಎಂದು ಬಿಟ್ಟಿರಬೇಕು.

ಹೆಚ್ಚು ಬಳಕೆಯ ಶ್ಲೋಕವನ್ನೇ ನೋಡಿ: ‘ಅಶ್ವಾಲಂಭಂ ಗವಾಲಂಭಂ ಸಂನ್ಯಾಸಂ ಪಲಪೈತೃಕಮ್ | ದೇವರೇಣ ಸುತೋತ್ಪತ್ತಿಂ ಕಲೌ ಪಂಚ ವಿವರ್ಜಯೇತ್.’ (‘ಅಗ್ನಿಹೋತ್ರಂ ಗವಾಲಂಭಂ’ ಎಂಬ ಪಾಠವೂ ಉಂಟು.) ಕುದುರೆಯ ಯಜ್ಞ, ಗೋವಿನ ಯಜ್ಞ, ಸಂನ್ಯಾಸ, ಶ್ರಾದ್ಧದಲ್ಲಿ ಮಾಂಸ, ಮೈದುನನಿಂದ ಸಂತಾನ. ಕನ್ನಡದವರು ‘ದೇವರೇಣ’ ಎಂಬಲ್ಲಿ ತಡವರಿಸುವುದುಂಟು. ಸಂಸ್ಕೃತದ ‘ದೇವರ’ ಗಂಡನ ತಮ್ಮ, ನಮ್ಮ ದೇವರಲ್ಲ. ಈ ಐದರಲ್ಲಿ ಯಾವುದೂ ಮೂಲತಃ ಪಾಪದ ಪಟ್ಟಿಯಲ್ಲಿ ಇದ್ದದ್ದಲ್ಲ. ಸಂನ್ಯಾಸವಂತೂ ನಾಲ್ಕನೆಯ ಆಶ್ರಮ. ಅದನ್ನು ಉಳಿಸಿಕೊಳ್ಳಲು ನಿಬಂಧಕಾರರು (ಸ್ಮೃತಿವಚನಗಳನ್ನು ಒಟ್ಟುಮಾಡಿ ಚರ್ಚಿಸಿದವರು) ಇನ್ನೊಂದು ವಚನವನ್ನು ತಂದರು: ವರ್ಣವಿಭಾಗ ಇರುವ ತನಕ, ವೇದ ನಡೆಯುವ ತನಕ ಕಲಿಯಲ್ಲೂ ಸಂನ್ಯಾಸ, ಅಗ್ನಿಹೋತ್ರ ಮಾಡಬಹುದು ಎಂದು. ಶೃಂಗೇರಿ, ಉಡುಪಿಯ ಯತಿಪರಂಪರೆಗಳು ಇವತ್ತಿಗೂ ನಡೆದಿರುವಾಗ ಈ ಪದವನ್ನು ‘ನಿಷಿದ್ಧ’ ಎಂದು ಒಂದೇ ಏಟಿಗೆ ಅರ್ಥ ಮಾಡಿದರೆ ಓದುಗ ಎಲ್ಲಿಗೆ ಹೋಗಬೇಕು?

ಯುಗಕ್ಕೊಂದು ಧರ್ಮ ಎಂಬ ಮಾತು ಮನುವಿನಲ್ಲೇ ಇದೆ (1.85): ಕೃತದಲ್ಲಿ ಒಂದು ಬಗೆ, ತ್ರೇತೆಯಲ್ಲಿ ಇನ್ನೊಂದು, ದ್ವಾಪರದಲ್ಲಿ ಬೇರೆ, ಕಲಿಯಲ್ಲಿ ಮತ್ತೂ ಬೇರೆ, ‘ಯುಗಹ್ರಾಸಾನುರೂಪತಃ’. ಮುಂದಿನ ಶ್ಲೋಕದಲ್ಲಿ ತಪಸ್ಸು, ಜ್ಞಾನ, ಯಜ್ಞ, ದಾನ ಎಂಬ ಕ್ರಮ. ಇಲ್ಲಿ ಕಾರಣ ‘ಹ್ರಾಸ’, ಮನುಷ್ಯನ ಕಸುವು ಕುಂದಿದ್ದು. ನಿಯೋಗದ, ಅಂದರೆ ಮೇಲೆ ಹೇಳಿದ ಮೈದುನನಿಂದ ಸಂತಾನ ಪಡೆಯುವುದರ ವಿಚಾರದಲ್ಲಿ ಸ್ಮೃತಿಕಾರ ಬೃಹಸ್ಪತಿ ಹೇಳುವುದೂ ಇದೇ: ಮನು ಅದನ್ನು ಹೇಳಿದ, ತಾನೇ ನಿಷೇಧಿಸಿದ, ಯುಗಹ್ರಾಸದಿಂದ ಈಗಿನವರಿಗೆ ವಿಧಿಪ್ರಕಾರ ಮಾಡಲು ಅದು ‘ಅಶಕ್ಯ’. ಅವನು ಹುಡುಕಿದ ಕಾರಣ ಮಾಡುವವನ ಅಳವಿನದು.

ಕಲಿವರ್ಜ್ಯಗಳ ಉದ್ದನೆಯ ಪಟ್ಟಿಗಳು ಹೇಳುವ ಕಾರಣ ಬೇರೆಯೇ. ನಿಬಂಧಗಳಲ್ಲಿ ಬಿಡಿಬಿಡಿಯಾಗಿ ಇರುವುದನ್ನು ಒಟ್ಟುಮಾಡಿ ಧರ್ಮಶಾಸ್ತ್ರದ ಇತಿಹಾಸ ಬರೆದ ಪಾಂಡುರಂಗ ವಾಮನ ಕಾಣೆ ಅವರು 55 ಬಾಬತ್ತುಗಳನ್ನು ಎಣಿಸಿದ್ದಾರೆ. ಒಂದು ಪಟ್ಟಿಯ ಕೊನೆಯ ಸಾಲುಗಳು ಹೀಗಿವೆ: ‘ಏತಾನಿ ಲೋಕಗುಪ್ತ್ಯರ್ಥಂ ಕಲೇರಾದೌ ಮಹಾತ್ಮಭಿಃ | ನಿವರ್ತಿತಾನಿ ಕರ್ಮಾಣಿ ವ್ಯವಸ್ಥಾಪೂರ್ವಕಂ ಬುಧೈಃ | ಸಮಯಶ್ಚಾಪಿ ಸಾಧೂನಾಂ ಪ್ರಮಾಣಂ ವೇದವದ್ಭವೇತ್.’ ಲೋಕದ ರಕ್ಷಣೆಗಾಗಿ, ಕಲಿಯ ಆರಂಭದಲ್ಲಿ, ತಿಳಿದವರು ಒಂದು ವ್ಯವಸ್ಥೆ ಮಾಡಿಕೊಂಡು ಈ ಕರ್ಮಗಳನ್ನು ನಿಲ್ಲಿಸಿದರು. ಸಜ್ಜನರ ಒಪ್ಪಂದವೂ ವೇದದಷ್ಟೇ ಪ್ರಮಾಣ. ‘ಸಮಯ’ ಇಲ್ಲಿ ಹೊತ್ತು ಅಲ್ಲ, ಕರಾರು. ಈ ಸಾಲನ್ನು ಎಷ್ಟು ಸಲ ಓದಿದರೂ ನನಗೆ ರೋಮಾಂಚನವಾಗುತ್ತದೆ. ವೇದ ವಿಧಿಸಿದ್ದನ್ನು ನಿಲ್ಲಿಸುವ ಅಧಿಕಾರ ಮನುಷ್ಯರ ಒಡಂಬಡಿಕೆಗೆ ಇದೆ ಎಂದು ಶಾಸ್ತ್ರವೇ ಬಾಯಿಬಿಟ್ಟು ಹೇಳುತ್ತಿದೆ. ‘ನಿಷಿದ್ಧ’ ಎಂದು ಅರ್ಥ ಬರೆದ ಕೂಡಲೇ ಆ ಮನುಷ್ಯರು ಮಾಯವಾಗುತ್ತಾರೆ.

ನಮ್ಮ ನೆಲದ ವಿಜ್ಞಾನೇಶ್ವರನ ದಾರಿ ಇನ್ನೂ ನೇರ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದವನು. ಹಿರಿಮಗನಿಗೆ ಹೆಚ್ಚಿನ ಪಾಲು ಕೊಡುವುದು ಶಾಸ್ತ್ರದಲ್ಲಿ ಇದೆಯಲ್ಲ ಎಂಬ ಪ್ರಶ್ನೆಗೆ ಅವನ ಉತ್ತರ: ಇದೆ, ನಿಜ, ಆದರೆ ಲೋಕವಿದ್ವಿಷ್ಟ, ಜನ ಅದನ್ನು ಹೇಸುತ್ತಾರೆ, ಆದ್ದರಿಂದ ಮಾಡಬಾರದು. ಧರ್ಮಸಮ್ಮತವಾದರೂ ಲೋಕವಿದ್ವಿಷ್ಟವಾದರೆ ಆಚರಿಸಬಾರದು ಎಂಬ ಯಾಜ್ಞವಲ್ಕ್ಯನ ಮಾತೇ (1.156) ಅವನ ಆಧಾರ. ಜೊತೆಗೆ ಒಂದು ಶ್ಲೋಕವನ್ನು ಉದ್ಧರಿಸುತ್ತಾನೆ: ‘ಯಥಾ ನಿಯೋಗಧರ್ಮೋ ನೋ ನಾನುಬಂಧ್ಯಾವಧೋಽಪಿ ವಾ | ತಥೋದ್ಧಾರವಿಭಾಗೋಽಪಿ ನೈವ ಸಂಪ್ರತಿ ವರ್ತತೇ.’ ನಿಯೋಗವೂ ಯಜ್ಞದಲ್ಲಿ ‘ಅನುಬಂಧ್ಯಾ’ ಎಂಬ ಹಸುವಿನ ವಧೆಯೂ ಈಗ ಹೇಗೆ ಇಲ್ಲವೋ ಹಾಗೆಯೇ ಉದ್ಧಾರದ ಪಾಲೂ ಇಲ್ಲ ಎಂದರ್ಥ. (ಈ ‘ಉದ್ಧಾರ’ ಹಿರಿಯನಿಗೆಂದು ಮೊದಲೇ ಎತ್ತಿಟ್ಟ ಪಾಲು.) ಶ್ಲೋಕದಲ್ಲಿ ಕಲಿಯ ಹೆಸರೇ ಇಲ್ಲ. ‘ಸಂಪ್ರತಿ ನ ವರ್ತತೇ’, ಈಗ ನಡೆಯುವುದಿಲ್ಲ. ಊರಿನ ಹಿರಿಯರು ‘ಅದೆಲ್ಲಾ ಈಗ ನಡೆಯಲ್ಲಪ್ಪ’ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಮಾತು.

‘ಕಲೇರಾದೌ’ ಎಂಬುದನ್ನು ಮಾತ್ರ ಚರಿತ್ರೆ ಎಂದು ತೆಗೆದುಕೊಳ್ಳಲಾಗದು. ಐಹೊಳೆಯ ರವಿಕೀರ್ತಿಯ ಶಾಸನ ಭಾರತಯುದ್ಧದಿಂದ 3735 ವರ್ಷ ಎಣಿಸಿ, ‘ಕಲೌ ಕಾಲೇ’ ಶಕ 556 ಎಂದು ತನ್ನ ಕಾಲ ಹೇಳುತ್ತದೆ. ನಿಷೇಧದ ಶ್ಲೋಕದಲ್ಲಿರುವ ಅದೇ ‘ಕಲೌ’. ಅದೇ ಶಾಸನ ಮೊದಲನೆಯ ಪುಲಕೇಶಿ ಹಯಮೇಧ (ಅಶ್ವಮೇಧ) ಮಾಡಿ ಭೂಮಿಗೆ ಯಜ್ಞದ ಕೊನೆಯ ಅವಭೃಥಸ್ನಾನ ಮಾಡಿಸಿದ ಎಂದು ಹೆಮ್ಮೆಯಿಂದ ಹೊಗಳುತ್ತದೆ. ಶಕ 465ರ ಬಾದಾಮಿ ಶಾಸನದಲ್ಲೂ ಆ ಅಶ್ವಮೇಧದ ಮಾತು ಬರುತ್ತದೆ. ತಾನು ಕಲಿಯುಗದಲ್ಲಿದ್ದೇನೆ ಎಂದು ಚೆನ್ನಾಗಿ ಬಲ್ಲ ಕವಿಗೆ ಅಶ್ವಮೇಧ ವರ್ಜ್ಯ ಎನಿಸಿಲ್ಲ. ಪಟ್ಟಿಗಳು ಆಮೇಲೆ, ಒಂದೊಂದಾಗಿ ಬೆಳೆದವು ಎಂದೇ ನಾನು ತಿಳಿಯುತ್ತೇನೆ.

ಇದರ ಕಹಿ ಮುಖವನ್ನೂ ಹೇಳಬೇಕು. ‘ಕಲೌ ಪಾರಾಶರಾಃ ಸ್ಮೃತಾಃ’, ಕಲಿಗೆ ಪರಾಶರನ ಸ್ಮೃತಿ ಎಂದು ಆ ಸ್ಮೃತಿಯೇ ಸಾರುತ್ತದೆ. ಗಂಡ ಕಾಣೆಯಾದರೆ, ಸತ್ತರೆ, ಸಂನ್ಯಾಸಿಯಾದರೆ, ನಪುಂಸಕನಾದರೆ, ಪತಿತನಾದರೆ ಹೆಣ್ಣಿಗೆ ಬೇರೆ ಪತಿ ವಿಹಿತ ಎನ್ನುವ ‘ನಷ್ಟೇ ಮೃತೇ ಪ್ರವ್ರಜಿತೇ’ ಶ್ಲೋಕವೂ ಅದರಲ್ಲೇ ಇದೆ. 14ನೇ ಶತಮಾನದಲ್ಲಿ, ವಿಜಯನಗರದ ಬುಕ್ಕನ ಆಸ್ಥಾನದ ಮಾಧವ ಆ ಸ್ಮೃತಿಗೆ ಬರೆದ ವ್ಯಾಖ್ಯಾನವಾದ ಪರಾಶರಮಾಧವೀಯದಲ್ಲಿ ಇದು ‘ಯುಗಾಂತರವಿಷಯ’, ಬೇರೆ ಯುಗದ ಮಾತು ಎಂದುಬಿಟ್ಟ. ಕಲಿಗೆಂದೇ ಮಾಡಿದ ಸ್ಮೃತಿಯ ಮಾತು ಬೇರೆ ಯುಗಕ್ಕೆ ಹೇಗಾದೀತು ಎಂದು 1855ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಕೇಳಿದರು. ಮರುವರ್ಷ ವಿಧವಾವಿವಾಹಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು. ನಡುವೆ ಕಳೆದ ಐದು ಶತಮಾನಗಳನ್ನು ನೆನೆದರೆ ಸಂಕಟವಾಗುತ್ತದೆ. ಗೋವನ್ನು ಉಳಿಸಿದ, ತಮ್ಮಂದಿರಿಗೆ ಸಮಪಾಲು ಕೊಡಿಸಿದ ಪದವೇ ಹೆಣ್ಣುಮಕ್ಕಳಿಗೆ ಇದ್ದ ಬಾಗಿಲನ್ನೂ ಮುಚ್ಚಿತು.

ಪತ್ರಿಕೆಗಳಲ್ಲಿ ಈ ಪದ ಜೋರಾಗಿ ಓಡಾಡಿದ್ದು ಉಡುಪಿಯಲ್ಲಿ ಪುತ್ತಿಗೆ ಮಠದ 2008ರ ಪರ್ಯಾಯದ ಹೊತ್ತಿಗೆ, ವಿದೇಶಕ್ಕೆ ಹೋಗಿಬಂದ ಯತಿಗಳು ಕೃಷ್ಣನ ಮೂರ್ತಿಯನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ಎದ್ದಾಗ. ‘ಸಮುದ್ರೋಲ್ಲಂಘನ ಕಲಿವರ್ಜ್ಯ’ ಎಂದು ಸಲೀಸಾಗಿ ಬರೆದರು. ಒಂದು ಪಟ್ಟಿಯಲ್ಲಿ ‘ಸಮುದ್ರಯಾತ್ರಾಸ್ವೀಕಾರಃ’ ಎಂದೇ ಇದೆ. ಇನ್ನೊಂದರಲ್ಲಿ ಇರುವುದು ‘ದ್ವಿಜಸ್ಯಾಬ್ಧೌ ತು ನೌಯಾತುಃ ಶೋಧಿತಸ್ಯಾಪಿ ಸಂಗ್ರಹಃ’. ಹಡಗಿನಲ್ಲಿ ಹೋಗಿ ಬಂದವನನ್ನು ಪ್ರಾಯಶ್ಚಿತ್ತದ ನಂತರವೂ ಕೂಡಿಸಿಕೊಳ್ಳುವುದು ವರ್ಜ್ಯ ಎಂದರ್ಥ. ಸಮುದ್ರಯಾನ ಬೌಧಾಯನ ಧರ್ಮಸೂತ್ರದಲ್ಲೂ ಪತನೀಯವೇ, ಅಂದರೆ ಮಾಡಿದವನನ್ನು ಪತಿತನನ್ನಾಗಿಸುವ ಪಾಪವೇ. ಆದರೆ ಅಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡವನಿಗೆ ಮರಳುವ ದಾರಿ ಇತ್ತು. ಈ ಎರಡನೇ ಪಟ್ಟಿ ಕೈಬಿಟ್ಟದ್ದು ಆ ದಾರಿಯನ್ನು. ಪ್ರಯಾಣ ವರ್ಜ್ಯವೇ, ಮರಳಿ ಸೇರಿಸಿಕೊಳ್ಳುವುದು ವರ್ಜ್ಯವೇ ಎಂದು ಬಿಡಿಸಿ ನೋಡದೆ ಬಳಸಿದರೆ ಚರ್ಚೆಯೇ ದಿಕ್ಕು ತಪ್ಪುತ್ತದೆ.

ಇಷ್ಟಕ್ಕೂ ‘ವರ್ಜ್ಯ’ ನಮ್ಮ ಮನೆಗಳಲ್ಲಿ ಇವತ್ತಿಗೂ ಕಾಲಕ್ಕೆ ಕಟ್ಟುಬಿದ್ದ ಪದ. ಪಂಚಾಂಗದ ವರ್ಜ್ಯ ಕೆಲವು ಗಳಿಗೆಯದು. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ವರ್ಜ್ಯ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ಕೊನೆಗೆ ದ್ವಿದಳ. ದಧಿವ್ರತ ಹಿಡಿದ ಅಜ್ಜಿ ಮೊಸರನ್ನು ಕೆಟ್ಟದ್ದು ಎನ್ನುವುದಿಲ್ಲ. ಈ ರೂಢಿಯ ಅರ್ಥ ‘ಕಲಿವರ್ಜ್ಯ’ಕ್ಕೆ ‘ನಿಷಿದ್ಧ’ಕ್ಕಿಂತ ಹತ್ತಿರ.

ಹಾಗಾಗಿ ನಾನು ಬರೆದುಕೊಂಡಿರುವ ಅರ್ಥ: ‘ಹಿಂದೆ ಶಾಸ್ತ್ರಸಮ್ಮತವಾಗಿದ್ದು, ಕಲಿಯುಗಕ್ಕೆ ಸಲ್ಲದೆಂದು ಶಿಷ್ಟರು ಕೈಬಿಟ್ಟ ಕರ್ಮ.’ ‘ಕೈಬಿಟ್ಟ’ ಎಂಬುದು ಸಾಕಷ್ಟು ಗಟ್ಟಿಯಾಗಿದೆಯೇ, ‘ನಿಲ್ಲಿಸಿದ’ ಎಂದರೆ ‘ನಿವರ್ತಿತ’ಕ್ಕೆ ಹೆಚ್ಚು ಹತ್ತಿರವೇ? ಹಳಗನ್ನಡ, ನಡುಗನ್ನಡ ಕೃತಿಗಳಲ್ಲಾಗಲಿ ಶಾಸನಗಳಲ್ಲಾಗಲಿ ‘ಕಲಿವರ್ಜ್ಯ’ ಅಥವಾ ‘ಯುಗಾಂತರ’ ಈ ಅರ್ಥದಲ್ಲಿ ಬಂದದ್ದನ್ನು ಯಾರಾದರೂ ಕಂಡಿದ್ದರೆ ಆ ಸಾಲನ್ನು ದಯವಿಟ್ಟು ಇಲ್ಲಿ ಹಾಕಿ. ಇನ್ನೊಂದು ವಿನಂತಿ: ಇವತ್ತಿನ ಕನ್ನಡದಲ್ಲಿ ‘ಯುಗಧರ್ಮ’ ಎಂದರೆ ಕಾಲದ ಮನೋಭಾವ ಎಂದೇ ಆಗಿದೆ. ಮನು ಹೇಳುವ ಅರ್ಥಕ್ಕೆ ಅದೇ ಪದವನ್ನು ಇಟ್ಟುಕೊಳ್ಳಬಹುದೇ, ‘ಯುಗವಿಹಿತ ಧರ್ಮ’ ಎಂದು ಬಿಡಿಸಬೇಕೇ? ವೈದಿಕ ಮನೆತನಗಳ ಆಡುಮಾತಿನಲ್ಲಿ ಇದಕ್ಕೆ ಬೇರೆ ಪದವಿದ್ದರೆ ಅದು ನನಗೆ ಮೊದಲು ಬೇಕು.