ವೆರ್ನಾತ್ಸಾಕ್ಕೆ ರೈಲೋ, ದೋಣಿಯೋ?

ಕಡಲತಡಿ: ಇಟಲಿಯ ಕಡಲತೀರದ ಚಿಂಕ್ವೆ ತೆರ್ರೆಯ ಐದೂರು ಸುತ್ತೋ ಬದಲು ವೆರ್ನಾತ್ಸಾ ಒಂದನ್ನೇ ನೋಡಿ. ಪಕ್ಕದ ಪಟ್ಟಣ ಲಾ ಸ್ಪೆತ್ಸಿಯಾದಿಂದ ದೋಣಿ ಹಿಡೀರಿ. ಬಂದರು, ಚರ್ಚು, ಬಂಡೆ ಮೇಲಿನ ಗೋಪುರ ನೀರಿನಿಂದ ಒಟ್ಟಿಗೆ ಕಾಣುತ್ವೆ. ಸಸ್ಯಾಹಾರಿಗಳಿಗೂ ಚಿಂತೆಯಿಲ್ಲ, ಅಲ್ಲಿನ ಹಸಿರು ಚಟ್ನಿ ಪೆಸ್ಟೊ ಇದೆ.

ಹಳಿರಾಯ: "ದೋಣಿ ಹಿಡೀರಿ" ಅಂತೆ! ಅಲೆ ಎದ್ದ ದಿನ ದೋಣಿ ಬಂದ್, ಚಳಿಗಾಲದಲ್ಲೂ ಇಲ್ಲ. ಐದೂರಲ್ಲೊಂದಾದ ಕೊರ್ನೀಲ್ಯಾದಲ್ಲಂತೂ ದೋಣಿ ನಿಲ್ಲೋದೇ ಇಲ್ಲ. ಟ್ರೆನೊ ಕಾರ್ಡ್ ಅನ್ನೋ ರೈಲು ಪಾಸ್ ತಗೊಂಡ್ರೆ ಈ ಊರುಗಳ ಆಚೀಚಿನ ಲೆವಾಂತೊ–ಲಾ ಸ್ಪೆತ್ಸಿಯಾ ನಡುವೆ ಇಡೀ ದಿನ ಹತ್ತಿಳೀಬಹುದು. ಬಿಡಿ ಕಾಗದದ ಟಿಕೆಟ್ಟಾದ್ರೆ ಹತ್ತೋ ಮುಂಚೆ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲಾಂದ್ರೆ ದಂಡ.

ಕಡಲತಡಿ: ಕೊರ್ನೀಲ್ಯಾ ಯಾರು ಕೇಳಿದ್ರು? ಅಲ್ಲಿ ನಿಮ್ಮ ರೈಲಿಳಿದ್ರೂ ಊರಿಗೆ 382 ಮೆಟ್ಟಿಲು ಹತ್ತಬೇಕು.

ಹಳಿರಾಯ: ನಿಲ್ದಾಣದಿಂದ ಬಸ್ ಇದೆ ಸ್ವಾಮಿ. ಕಾರ್ಡಲ್ಲೇ ಸೇರಿದೆ.

ಒರಳುಕಲ್ಲು: ಅದಿರಲಿ. "ಪೆಸ್ಟೊ ಇದೆ" ಅಂದವರು ಅದರೊಳಗೇನಿದೆ ನೋಡಿದ್ದೀರಾ? ತುಳಸಿ ಜಾತಿಯ ಬೆಜಿಲ್, ಪೈನ್ ಬೀಜ, ಬೆಳ್ಳುಳ್ಳಿ, ಉಪ್ಪು, ಆಲಿವ್ ಎಣ್ಣೆ, ಜೊತೆಗೆ ಪಾರ್ಮಿಜಾನೊ ಚೀಸ್. ಪಾರ್ಮಿಜಾನೊಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಅದು ಅಲ್ಲಿನ ನಿಯಮ.

ಕಡಲತಡಿ: ಚೀಸ್ ಅಂದ್ರೆ ಹಾಲು. ಅತಿ ಮಡಿ ಬೇಡ.

ಒರಳುಕಲ್ಲು: "ಮಡಿ"ಯಂತೆ! ನಮ್ಮೂರಲ್ಲಿ ಹಸಿರು ಚುಕ್ಕೆ ನೋಡಿ ಚೀಸ್ ಕೊಳ್ಳೋರು ಮಡಿಯವರೋ?

ಹಿಟ್ಟಿನಡುಗೆ: "ಚೀಸ್ ಬೇಡ" ಅಂತ ಹೇಳಿದ್ರಾಯ್ತು. ಇಟಾಲಿಯನ್‌ನಲ್ಲಿ ಸೆಂತ್ಸಾ ಫೊರ್ಮಾಜ್ಜೊ.

ಒರಳುಕಲ್ಲು: ಹೇಳಿ ನೋಡಿ. ಮೇಲೆ ಉದುರಿಸೋದನ್ನ ಬಿಡ್ತಾರೆ. ಒಳಗೆ ಮೊದಲೇ ಅರೆದಿರೋದನ್ನ ಯಾರು ಹೆಕ್ಕಿ ತೆಗೀತಾರೆ?

ಹಿಟ್ಟಿನಡುಗೆ: ಹಾಗಾದ್ರೆ ಫರಿನಾತಾ ತಿನ್ನಿ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಅಷ್ಟೇ. ನಮ್ಮ ಕಡಲೆಹಿಟ್ಟಿನ ದೋಸೆ.

ಒರಳುಕಲ್ಲು: ದೋಸೆಯಂತೆ! ಅದು ಕಾವಲಿ ಮೇಲಲ್ಲ, ಒಲೆಯೊಳಗೆ ಅಗಲ ತಟ್ಟೆಯಲ್ಲಿ ಬೇಯೋದು. ಹಿಟ್ಟು ಕೂಡ ಕಾಬೂಲಿ ಕಡಲೆಯದು.

ಕಡಲತಡಿ: ಮರಿನಾರಾ ಪಿಜ್ಜಾ ತಿನ್ನಿ, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ. ಜಗಳ ಮುಗೀತು. ಆದ್ರೂ ರೈಲಿಂದ ಊರು ಕಾಣಲ್ಲ, ಹಳಿಯೆಲ್ಲ ಸುರಂಗ.

ಹಳಿರಾಯ: ಸುರಂಗದ ಮಾತು ಬಂತಲ್ಲ, ಇದನ್ನ ಕೇಳಿ. ವೆರ್ನಾತ್ಸಾದಲ್ಲಿ ಉದ್ದದ ರೈಲಿನ ಕೆಲವು ಬೋಗಿ ಸುರಂಗದೊಳಗೇ ನಿಲ್ಲುತ್ವೆ. ಹೊರಗೆ ಕತ್ತಲು ನೋಡಿ ಊರು ಬಂದಿಲ್ಲ ಅಂತ ಕೂತವರು ಮುಂದಿನೂರಿಗೆ ಹೋಗ್ತಾರೆ. ಬಾಗಿಲು ತಾನಾಗೇ ತೆರೆಯದಿದ್ರೆ ಗುಂಡಿ ಒತ್ತಿ ಇಳೀರಿ.